ಹತ್ತು ದಿನದ ಮಿಷನರಿಗಳು

ಫರ್ಡಿನಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ಕಡೆ ಬಂದರು. ಕನ್ನಡ ಕಲಿತರು, ಹಳೆಯ ಕಾವ್ಯಗಳನ್ನೆಲ್ಲ ಜಾಲಾಡಿದರು, ಒಂದೊಂದೇ ಪದ ಕೂಡಿಹಾಕಿದರು. 1894ರಲ್ಲಿ ಮಂಗಳೂರಿನಲ್ಲಿ ನಿಘಂಟು ಅಚ್ಚಾಯಿತು. ಅವರಿಗಿಂತ ಮುಂಚೆ, 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವುದರಲ್ಲೇ ಎರಡು ದಶಕ ಸವೆಸಿದರು. ಆ ಕಾಲದವರು ಬಹಳ ನಿಧಾನಸ್ಥರು. ಈಗಿನವರು ಹಾಗಲ್ಲ. ಶುಕ್ರವಾರ ಅಮೆರಿಕದಲ್ಲಿ ವಿಮಾನ ಹತ್ತಿ, ಭಾನುವಾರ ನಸುಕಿನಲ್ಲಿ ಹೈದರಾಬಾದಿನ ಶಂಷಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದು, ಹತ್ತು ದಿನದೊಳಗೆ ದೇವರ ಸೇವೆಯನ್ನೂ ಲಾಡ್ ಬಜಾರಿನ ಬಳೆ ವ್ಯಾಪಾರವನ್ನೂ ಮುಗಿಸಿ ವಾಪಸಾಗುತ್ತಾರೆ.

ಇದಕ್ಕೆ ಶಾರ್ಟ್ ಟರ್ಮ್ ಮಿಷನ್ ಎನ್ನುತ್ತಾರೆ. ಜಾರ್ಜ್ ವರ್ವರ್ ಅವರ ಆಪರೇಷನ್ ಮೊಬಿಲೈಜೇಷನ್, ಲೋರೆನ್ ಕನ್ನಿಂಗ್‌ಹ್ಯಾಮ್ ಅವರ ಯೂತ್ ವಿತ್ ಎ ಮಿಷನ್ ಮುಂತಾದ ಸಂಸ್ಥೆಗಳು 1960ರ ದಶಕದಲ್ಲಿ ಕಾಲೇಜು ಹುಡುಗರನ್ನು ರಜೆಯಲ್ಲಿ ದೇಶಾಂತರ ಕಳಿಸತೊಡಗಿದವು. ಅಲ್ಲಿಂದ ಈ ಪದ್ಧತಿ ಬೆಳೆಯಿತು. 2005ರ ಸುಮಾರಿಗೆ ಅಮೆರಿಕವೊಂದರಿಂದಲೇ ವರ್ಷಕ್ಕೆ 16 ಲಕ್ಷ ಚರ್ಚ್ ಸದಸ್ಯರು ಹೀಗೆ ಹೊರಡುತ್ತಿದ್ದರೆಂದು ಸಮಾಜಶಾಸ್ತ್ರಜ್ಞ ರಾಬರ್ಟ್ ವತ್‌ನೌ ಅಂದಾಜು ಮಾಡಿದ್ದಾರೆ. ಅವರಲ್ಲಿ ಒಂದಷ್ಟು ಜನ ಹೈದರಾಬಾದಿಗೂ ಬರುತ್ತಾರೆ. ಇಲ್ಲಿ ಇಂಗ್ಲಿಷ್ ನಡೆಯುತ್ತದೆ. ಸಿಕಂದರಾಬಾದಿನ ಸೇಂಟ್ ಜಾನ್ಸ್‌ನಂಥ 1813ರ ಚರ್ಚುಗಳಿವೆ. ಬಿರಿಯಾನಿಯೂ ಇದೆ. ಈ ಮೂರನೆಯ ಕಾರಣ ಮಾತ್ರ ಯಾವ ವರದಿಯಲ್ಲೂ ಬರುವುದಿಲ್ಲ.

ನಮ್ಮದು ಬೀದರ್, ಗುಲ್ಬರ್ಗ, ಜಹೀರಾಬಾದ್ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಸಿಕಂದರಾಬಾದಿನಲ್ಲಿ ನೆಲೆನಿಂತ ಕನ್ನಡದವರ ಸಣ್ಣ ಸಭೆ. ತೆಲುಗಿನವರ ಆರಾಧನೆ ಮುಗಿದ ಮೇಲೆ ಅದೇ ಕಟ್ಟಡದಲ್ಲಿ, ಅದೇ ಬಿಸಿ ಬೆಂಚುಗಳ ಮೇಲೆ ನಮ್ಮದು ಶುರು. ಕೊರೊನಾಕ್ಕಿಂತ ಹಿಂದಿನ ಒಂದು ವರ್ಷ ಪರದೇಶದ ತಂಡವೊಂದು ಬರುತ್ತದೆಂದು ಕಾಗದ ಬಂತು. ಕಮಿಟಿ ಕೂಡಿತು. ಊಟ, ವಸತಿ, ವಾಹನದ ಜವಾಬ್ದಾರಿ ಯಾರಿಗೆ ಎಂಬ ಪ್ರಶ್ನೆ ಎದ್ದಾಗ ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ನನ್ನ ಕಡೆ ನೋಡಿದರು. "ನೀವು ರೈಲ್ವೆಯವರು. ಜನರನ್ನು ಹತ್ತಿಸೋದು, ಇಳಿಸೋದು ನಿಮಗೆ ಗೊತ್ತು." ನಾನಿದ್ದದ್ದು ದಕ್ಷಿಣ ಮಧ್ಯ ರೈಲ್ವೆಯ ಅಕೌಂಟ್ಸ್ ವಿಭಾಗದಲ್ಲಿ. ನಿವೃತ್ತಿಯಾಗುವ ತನಕ ಒಬ್ಬ ಪ್ರಯಾಣಿಕನನ್ನೂ ನಾನು ಹತ್ತಿಸಿದವನಲ್ಲ. ಆದರೂ ಅಯ್ಯನವರ ಮಾತಿಗೆ ಎದುರಾಡಲಿಲ್ಲ.

ಪರದೇಶದ ವಿಮಾನಗಳು ಶಂಷಾಬಾದಿಗೆ ಬರುವುದು ಕಳ್ಳರು ಓಡಾಡುವ ಹೊತ್ತಿನಲ್ಲಿ. ಹಾರ, ಬ್ಯಾನರ್, ಯುವಜನ ಕೂಟದ ಒಂದು ಗಿಟಾರ್ ಸಮೇತ ಕಾಯುತ್ತಾ ನಿಂತೆವು. ತಂಡ ಹೊರಬಂತು. ಎಲ್ಲರೂ ಒಂದೇ ಕಿತ್ತಳೆ ಬಣ್ಣದ ಟೀಶರ್ಟು. ಬೆನ್ನ ಮೇಲೆ ಭಾರತದ ನಕ್ಷೆ, ಅದರೊಳಗೊಂದು ಹೃದಯ. ಹೃದಯ ಹೆಚ್ಚುಕಡಿಮೆ ನಾಗಪುರದ ಮೇಲೆ ಕೂತಿತ್ತು, ಇರಲಿ. ಒಬ್ಬೊಬ್ಬರಿಗೆ ಎರಡೆರಡು ಪೆಟ್ಟಿಗೆ. ಒಂದರಲ್ಲಿ ನಮಗೆ ಬೇಕಾದದ್ದು: ಕ್ರೇಯಾನ್, ಬಲೂನು, ಬೊಂಬೆಯಾಟದ ಬೊಂಬೆಗಳು. ಇನ್ನೊಂದರಲ್ಲಿ ಅವರಿಗೆ ಬೇಕಾದದ್ದು: ನೀರು ಸೋಸುವ ಯಂತ್ರ, ಕಡಲೆಕಾಯಿ ಬೆಣ್ಣೆ, ಕೈ ತೊಳೆಯುವ ದ್ರವ, ಕಾಗದದ ಸುರುಳಿ. ಎರಡನೆಯ ಪೆಟ್ಟಿಗೆಯೇ ಹೆಚ್ಚು ಭಾರ. ಏನೇ ಬರಲಿ ಹೊಂದಿಕೊಳ್ಳಬೇಕೆಂದು ಅವರಿಗೆ ತಿಂಗಳುಗಟ್ಟಲೆ ತರಬೇತಿ ಆಗಿತ್ತಂತೆ. ನಮಗೆ ತರಬೇತಿ ಕೊಟ್ಟವರು ಯಾರೂ ಇಲ್ಲ. ಹೊಂದಿಕೊಂಡವರು ಮಾತ್ರ ನಾವೇ.

ಮೊದಲ ತೊಡಕು ಉಪದೇಶದ್ದು. ತಂಡದ ನಾಯಕ ಪ್ರಸಂಗ ಮಾಡಲು ಟಿಪ್ಪಣಿ ಸಿದ್ಧ ಮಾಡಿಕೊಂಡು ಬಂದಿದ್ದ. ಅಯ್ಯನವರು ವಿನಯದಿಂದ ತಡೆದರು. ಟೂರಿಸ್ಟ್ ವೀಸಾದಲ್ಲಿ ಬಂದವರು ಆರಾಧನೆಗೆ ಬರಬಹುದು, ಪ್ರಸಂಗ ಕೇಳಬಹುದು. ಉಪದೇಶ ಮಾಡುವಂತಿಲ್ಲ, ಕರಪತ್ರ ಹಂಚುವಂತಿಲ್ಲ. ಅದಕ್ಕೆ ಮಿಷನರಿ ವೀಸಾ ಬೇರೆಯೇ ಇದೆ. ಆದರೆ ಅದೇ ಟೂರಿಸ್ಟ್ ವೀಸಾದಲ್ಲಿ ಸಂಬಳವಿಲ್ಲದ ಅಲ್ಪಾವಧಿಯ ಸ್ವಯಂಸೇವೆಗೆ ಒಂದು ತಿಂಗಳ ತನಕ ಅವಕಾಶವುಂಟು. ಅಂದರೆ ಬಾಯಿಗೆ ತಡೆ, ಕೈಗೆ ತಡೆಯಿಲ್ಲ. ಎಲ್ಲ ಸಭೆಗಳಿಗೂ ಹೀಗೊಂದು ಕಾನೂನು ಇದ್ದಿದ್ದರೆ ಚೆನ್ನಾಗಿತ್ತು ಎಂದು ಹಿಂದಿನ ಬೆಂಚಿನ ಹಿರಿಯರೊಬ್ಬರು ನಿಟ್ಟುಸಿರಿಟ್ಟರು.

ಕೈಗೆ ಕೆಲಸ ಬೇಕಲ್ಲ. ಕೊನೆಗೆ ಮಕ್ಕಳ ಹಾಸ್ಟೆಲಿನ ಗೋಡೆಗೆ ಬಣ್ಣ ಬಳಿಯುವುದೆಂದಾಯಿತು. ಆ ಗೋಡೆಗೆ ಕ್ರಿಸ್ಮಸ್ಸಿಗೆ ಮುಂಚೆ ಬಣ್ಣ ಆಗಿತ್ತು. ವಾರ್ಡನ್ ಅದನ್ನು ಹೇಳಲು ಬಾಯಿ ತೆರೆದರು, ಅಯ್ಯನವರ ಮುಖ ನೋಡಿ ಮುಚ್ಚಿದರು. ತಿಳಿನೀಲಿ ಡಬ್ಬಿಗಳು ಬಂದವು. ನಾವು ಮುಂಜಾಗ್ರತೆಗೆಂದು ಪಾಲಮೂರು ಕಡೆಯ ಪೇಂಟರ್ ಮೇಸ್ತ್ರಿಯೊಬ್ಬನನ್ನು ಗೊತ್ತು ಮಾಡಿದ್ದೆವು. ಅವನು ನೆರಳಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಬೀಡಿ ಹಚ್ಚಿ, ವೃತ್ತಿಜೀವನದಲ್ಲೇ ಮೊದಲ ಸಲ ಬೇರೆಯವರು ಬಣ್ಣ ಬಳಿಯುವುದನ್ನು ನೋಡಿದ. ನಡುನಡುವೆ ತೆಲುಗಿನಲ್ಲಿ ಸಲಹೆ ಕೊಟ್ಟ. ಅದನ್ನು ಆಶೀರ್ವಾದವೆಂದು ತಿಳಿದ ಹುಡುಗಿಯೊಬ್ಬಳು ಕೈಮುಗಿದಳು. ನೆಲದ ಮೊಸಾಯಿಕ್ ಮೇಲೆ ಬಿದ್ದ ಬಣ್ಣ ಗೋಡೆಗೆ ಬಿದ್ದದ್ದಕ್ಕಿಂತ ಕಡಿಮೆಯೇನಿರಲಿಲ್ಲ. ನೋಡಿದ್ದಕ್ಕೆ ಮೇಸ್ತ್ರಿಗೆ ಪೂರ್ತಿ ಕೂಲಿ. ತಂಡ ಹೋದ ಮೇಲೆ ಗೋಡೆ ಸರಿಮಾಡಿದ್ದಕ್ಕೆ ಇನ್ನೊಂದು ಕೂಲಿ. ಮುಂದಿನ ವರ್ಷವೂ ಬರ್ತಾರಾ ಎಂದು ಆಸೆಯಿಂದ ಕೇಳಿದವನು ಅವನೊಬ್ಬನೇ.

ಇದು ನಮ್ಮ ಹಾಸ್ಟೆಲಿನ ತಮಾಷೆ ಮಾತ್ರವಲ್ಲ. 1998ರಲ್ಲಿ ಮಿಚ್ ಚಂಡಮಾರುತ ಹೊಂಡುರಾಸ್ ದೇಶವನ್ನು ಮಗುಚಿ ಹಾಕಿದಾಗ ಅಮೆರಿಕದ ಚರ್ಚು ತಂಡಗಳು ಮನೆ ಕಟ್ಟಲು ಅಲ್ಲಿಗೆ ಓಡಿದವು. ಕರ್ಟ್ ವರ್ ಬೀಕ್ ಎಂಬ ಕ್ರೈಸ್ತ ಪ್ರಾಧ್ಯಾಪಕರೇ ಆಮೇಲೆ ಲೆಕ್ಕ ಹಾಕಿದರು: ಊರಿನವರು ಕಟ್ಟಿದರೆ ಮನೆಗೆ 2 ಸಾವಿರ ಡಾಲರಿನ ಆಸುಪಾಸು, ತಂಡ ಬಂದು ಕಟ್ಟಿದರೆ ಪ್ರಯಾಣವೂ ಸೇರಿ 30 ಸಾವಿರದ ಹತ್ತಿರ. ಅಕೌಂಟ್ಸ್ ವಿಭಾಗದವನಾದ ನನಗೆ ಇಂಥ ಲೆಕ್ಕ ಓದಿದರೆ ಕೆಂಪು ಶಾಯಿಯ ಪೆನ್ನು ನೆನಪಾಗುತ್ತದೆ.

ಸಂಜೆ ಮಕ್ಕಳಿಗೆ ವೀಬೀಎಸ್, ಅಂದರೆ ರಜೆಯ ಬೈಬಲ್ ಶಾಲೆ. ಬೊಂಬೆಯಾಟದಲ್ಲಿ ಯೋನನ ಕಥೆ. ಹಾಸ್ಟೆಲಿನ ಮಕ್ಕಳು ತಂಡಗಳ ವಿಷಯದಲ್ಲಿ ನುರಿತವರು. ಯಾರ ಜೇಬಿನಲ್ಲಿ ಚಾಕಲೇಟಿದೆ, ಫೋಟೊಕ್ಕೆ ಯಾವ ಕಡೆ ನಿಲ್ಲಬೇಕು, ಬೀಳ್ಕೊಡುವಾಗ ಎಷ್ಟು ಹೊತ್ತಿಗೆ ಅಳಬೇಕು, ಎಲ್ಲ ಗೊತ್ತು. ಏಳನೆಯ ಕ್ಲಾಸಿನ ಹುಡುಗನೊಬ್ಬ ನನ್ನ ಕಿವಿಯಲ್ಲಿ, "ಅಂಕಲ್, ಪ್ರತಿ ವರ್ಷ ಅದೇ ಯೋನ, ಅದೇ ಮೀನು. ಒಂದ್ಸಲ ಸಿಂಹದ ಕಥೆ ತರಲಿಕ್ಕೆ ಹೇಳ್ರಿ" ಎಂದ. ಆದರೆ ಯೋನನ ಆಯ್ಕೆ ಸರಿಯಾದದ್ದೇ ಎಂದು ನನಗನ್ನಿಸಿತು. ಬೈಬಲಿನಲ್ಲಿ ಶಾರ್ಟ್ ಟರ್ಮ್ ಮಿಷನ್ನಿಗೆ ಹೋದವನೆಂದರೆ ಅವನೇ. ಪ್ರಯಾಣದಲ್ಲೇ ಅರ್ಧ ಕಥೆ ಮುಗಿಯುತ್ತದೆ. ನಿನೆವೆಯಲ್ಲಿ ಒಂದು ದಿನ ಊರು ಸುತ್ತಿ ಸಾರುತ್ತಾನೆ. ಆಮೇಲೆ ಊರ ಹೊರಗೆ ಸೋರೆಗಿಡದ ನೆರಳಲ್ಲಿ ಕೂತು, ಗಿಡ ಒಣಗಿತೆಂದು, ಬಿಸಿಲು ಜಾಸ್ತಿಯಾಯಿತೆಂದು ದೇವರ ಮೇಲೆ ಮುನಿಸಿಕೊಳ್ಳುತ್ತಾನೆ. ನಮ್ಮ ತಂಡಕ್ಕೆ ಸೋರೆಗಿಡದ ಬದಲು ಏಸಿ ಇತ್ತು. ಅದೂ ಕರೆಂಟು ಇದ್ದಾಗ.

ಊಟದ ವಿಷಯ ಹೇಳದೆ ಹೈದರಾಬಾದಿನ ಯಾವ ಕಥೆಯೂ ಮುಗಿಯುವುದಿಲ್ಲ. ಬಂದವರನ್ನು ನಮ್ಮ ಸ್ತ್ರೀ ಸಮಾಜದವರು ಗಂಡಿನ ಕಡೆಯ ಬೀಗರಂತೆ ನೋಡಿಕೊಂಡರು: ಒಳಗೆ ಗೊಣಗಾಟ, ಹೊರಗೆ ಒತ್ತಾಯ. ಖಾರ ಬೇಡ ಎಂದು ತಂಡದವರ ಸೂಚನೆ ಇತ್ತು. ಸಮಾಜದ ಅಧ್ಯಕ್ಷೆ ಅಕ್ಕ ಸೌಟು ಹಿಡಿದು ನಿಂತು ಕೇಳಿದರು: "ಖಾರ ಇಲ್ದ ಅಡಿಗಿ ನಾವು ಜ್ವರ ಬಂದವರಿಗಿ ಮಾಡ್ತೀವಿ. ಇವರಿಗಿ ಏನು ಬಂದದ?" ಏನೂ ಬಂದಿಲ್ಲ ಅಕ್ಕ, ಬರಬಾರದು ಅಂತ ಮುಂಜಾಗ್ರತೆ ಎಂದೆ. ಬಿರಿಯಾನಿ ದಿನ ಮಾತ್ರ ಅವರು ಯಾರ ಮಾತೂ ಕೇಳಲಿಲ್ಲ. ಮಿರ್ಚಿ ಕಾ ಸಾಲನ್ ಬಟ್ಟಲಲ್ಲಿ ತೇಲುತ್ತಿದ್ದ ಮೆಣಸಿನಕಾಯಿಯನ್ನು ಎತ್ತರದ ಹುಡುಗನೊಬ್ಬ ತರಕಾರಿ ಎಂದು ತಿಳಿದು ಇಡಿಯಾಗಿ ಕಚ್ಚಿದ. ಆ ರಾತ್ರಿ ತಂಡದವರು ಅವನನ್ನು ಸುತ್ತುವರಿದು ಮಾಡಿದಂಥ ಕಳಕಳಿಯ ಪ್ರಾರ್ಥನೆಯನ್ನು ಅವರು ಆಮೇಲೆ ಮಾಡಿದ್ದು ನಾನು ನೋಡಲಿಲ್ಲ. ಬೆಳಿಗ್ಗೆ ಹುಡುಗ ಎದ್ದು ಉಸ್ಮಾನಿಯಾ ಬಿಸ್ಕತ್ತನ್ನು ಇರಾನಿ ಚಾಯ್‌ನಲ್ಲಿ ಅದ್ದಿ ತಿಂದ. ಪ್ರಾರ್ಥನೆ ಫಲಿಸಿತು.

ವಾರದ ನಡುವೆ ತಂಡವನ್ನು ಮೇದಕ್‌ನ ದೊಡ್ಡ ಚರ್ಚಿಗೆ ಕರೆದುಕೊಂಡು ಹೋದೆ. ಹೈದರಾಬಾದಿನಿಂದ ಸುಮಾರು ನೂರು ಕಿಲೋಮೀಟರು. ಚಾರ್ಲ್ಸ್ ವಾಕರ್ ಪೋಸ್ನೆಟ್ ಎಂಬ ವೆಸ್ಲಿಯನ್ ಪಾದ್ರಿ 1895ರಲ್ಲಿ ಸಿಕಂದರಾಬಾದಿಗೆ ಬಂದು, ದಂಡಿನ ಸೋಲ್ಜರುಗಳಿಗೆ ಪ್ರಸಂಗ ಮಾಡುವುದು ಸಾಕೆನಿಸಿ ಹಳ್ಳಿ ಕಡೆ ನಡೆದವರು. ಕ್ಷಾಮದ ದಿನಗಳಲ್ಲಿ ಅವರು ಜನರಿಗೆ ಕೆಲಸ ಕೊಟ್ಟು ಅನ್ನ ಹಾಕಿ ಎಬ್ಬಿಸಿದ ಚರ್ಚು ಅದು ಎಂಬುದು ಆ ಸೀಮೆಯ ಎಲ್ಲರೂ ಹೇಳುವ ಮಾತು. 1914ರಲ್ಲಿ ಶುರುವಾದ ಕಟ್ಟಡ ಮುಗಿದು ಪ್ರತಿಷ್ಠೆಯಾದದ್ದು 1924ರ ಡಿಸೆಂಬರ್ 25ರಂದು. ಗೋಪುರ ಸುಮಾರು 175 ಅಡಿ. ಒಳಗೆ ಐದು ಸಾವಿರ ಜನ ಹಿಡಿಸುತ್ತಾರೆ. ತಂಡದವರು ತಲೆಯೆತ್ತಿ ನೋಡಿದರು. ಬಣ್ಣದ ಗಾಜಿನ ಕಿಟಕಿಯ ಮುಂದೆ ಇಬ್ಬರು ಸುಮ್ಮನೆ ಕೂತುಬಿಟ್ಟರು. ನಾಯಕ ಗಡಿಯಾರ ನೋಡಿಕೊಂಡ. ಸಂಜೆ ಗೋಲ್ಕೊಂಡದ ಧ್ವನಿ-ಬೆಳಕು ಕಾರ್ಯಕ್ರಮವಿತ್ತು.

ವ್ಯಾನಿನಲ್ಲಿ ವಾಪಸು ಬರುವಾಗ ಅವನಿಗೆ ನಾನು ಅಜರಯ್ಯನವರ ಕಥೆ ಹೇಳಿದೆ. ತಿರುನೆಲ್ವೇಲಿಯ ತಮಿಳರು 1903ರಲ್ಲಿ ತಮ್ಮದೇ ಮಿಷನ್ ಕಟ್ಟಿಕೊಂಡು ನಿಜಾಮನ ಸೀಮೆಯ ದೋರ್ನಕಲ್ಲಿಗೆ ಬಂದದ್ದು, ಅವರಿಗೆ ತೆಲುಗು ನಾಡೇ ಪರದೇಶವಾಗಿದ್ದದ್ದು, ವಿ.ಎಸ್. ಅಜರಯ್ಯ 1912ರಲ್ಲಿ ಅಲ್ಲಿನ ಬಿಷಪ್ ಆದದ್ದು, ಆಂಗ್ಲಿಕನ್ ಪಂಗಡದಲ್ಲಿ ಭಾರತೀಯನೊಬ್ಬ ಬಿಷಪ್ ಆದದ್ದು ಅದೇ ಮೊದಲು ಎಂಬುದು, 1945ರ ಹೊಸ ವರ್ಷದ ದಿನ ಅದೇ ದೋರ್ನಕಲ್ಲಿನಲ್ಲಿ ತೀರಿಕೊಂಡದ್ದು. ಇದೇ ಅಜರಯ್ಯ 1910ರಲ್ಲಿ ಎಡಿನ್‌ಬರೊದ ವಿಶ್ವ ಮಿಷನರಿ ಸಮ್ಮೇಳನದಲ್ಲಿ ಎದ್ದು ನಿಂತು ಬಿಳಿಯರ ಎದುರಿಗೇ ಹೇಳಿದ್ದರು: ನೀವು ಆಸ್ತಿ ಕೊಟ್ಟಿದ್ದೀರಿ, ಪ್ರಾಣ ಕೊಟ್ಟಿದ್ದೀರಿ, ಈಗ ಸ್ನೇಹಿತರನ್ನು ಕೊಡಿ ಎಂದು. ನಾಯಕ ಬಹಳ ಮೆಚ್ಚಿಕೊಂಡು ಪುಸ್ತಕದಲ್ಲಿ ಬರೆದುಕೊಂಡ. ಸ್ನೇಹಿತರು ಒಂದೇ ಬಣ್ಣದ ಟೀಶರ್ಟು ಹಾಕಿಕೊಂಡು ಬರುವುದಿಲ್ಲವಲ್ಲ ಎಂದು ನನ್ನ ಬಾಯಿಗೆ ಬಂತು. ಆದರೆ ಬೀಗರ ಮುಂದೆ ಕೆಲವು ಮಾತು ಆಡಬಾರದು.

ತಂಡದಲ್ಲಿ ಒಬ್ಬ ಅಜ್ಜಿ ಇದ್ದರು. ನಿವೃತ್ತ ನರ್ಸು, ಮಂಡಿನೋವು, ಏಣಿ ಹತ್ತುವಂತಿರಲಿಲ್ಲ. ಬಂದ ಮರುದಿನವೇ ಅಡಿಗೆಮನೆಗೆ ಬಂದು ಕುರ್ಚಿ ಎಳೆದುಕೊಂಡು ಬೆಳ್ಳುಳ್ಳಿ ಸುಲಿಯತೊಡಗಿದರು. ಸ್ತ್ರೀ ಸಮಾಜದವರಿಗೆ ಇಂಗ್ಲಿಷ್ ಬಾರದು, ಅಜ್ಜಿಗೆ ಅದು ಬಿಟ್ಟು ಬೇರೆ ಬಾರದು. ಅಷ್ಟು ದಿನ ಅವರೆಲ್ಲ ಏನು ಮಾತಾಡಿಕೊಂಡರೋ, ನಗು ಮಾತ್ರ ವರಾಂಡದ ತನಕ ಕೇಳುತ್ತಿತ್ತು. ಮುಂದಿನ ವರ್ಷ ತಂಡ ಬೇರೆ ದೇಶಕ್ಕೆ ಹೋಯಿತು. ಅಜ್ಜಿ ಒಬ್ಬರೇ ಟಿಕೆಟ್ಟು ಕೊಂಡು ಇಲ್ಲಿಗೆ ಬಂದರು. ಈ ಸಲದ ಕಾರ್ಯಕ್ರಮವೇನು ಎಂದು ಕಮಿಟಿಯವರು ಗಾಬರಿಯಿಂದ ಕೇಳಿದರೆ, "ಬೆಳ್ಳುಳ್ಳಿ" ಎಂದರು.

ಇಷ್ಟೆಲ್ಲ ನೋಡಿದ ಮೇಲೆ ನಮ್ಮ ಯುವಜನರಿಗೂ ಹುರುಪು ಬಂತು. ನಾವೂ ಒಂದು ಮಿಷನ್ ಟ್ರಿಪ್ ಹೋಗಬೇಕು. ನೇಪಾಳ ಎಂದರು, ಬಜೆಟ್ ನೋಡಿ ಶ್ರೀಲಂಕಾ ಎಂದರು, ಇನ್ನೊಮ್ಮೆ ಬಜೆಟ್ ನೋಡಿ ಬೀದರ್ ಎಂದರು. 1956ರ ನವೆಂಬರ್ 1ರ ತನಕ ಬೀದರೂ ಹೈದರಾಬಾದೂ ಒಂದೇ ರಾಜ್ಯದಲ್ಲಿದ್ದವು. ಗಡಿ ಬಿದ್ದದ್ದರಿಂದ ಈ ಹುಡುಗರಿಗೆ ಒಂದು ಪರದೇಶ ಸಿಕ್ಕಿತು. ಹೈಟೆಕ್ ಸಿಟಿಯ ಸಾಫ್ಟ್‌ವೇರ್ ಮಂದಿ, ಹಸಿರು ಟೀಶರ್ಟು, ಬಾಡಿಗೆ ಬಸ್ಸು. ಹಳ್ಳಿ ಯಾವುದೆಂದರೆ ನನ್ನದೇ. ಇಳಿದದ್ದು ನಮ್ಮ ಕಾಕಿಯ ಅಂಗಳದಲ್ಲಿ.

"ಯಾಕ ಬಂದೀರಿ ಇಷ್ಟ ಮಂದಿ?" ಕಾಕಿ ಕೇಳಿದಳು.

"ಸೇವಾ ಮಾಡ್ಲಿಕ್ಕ ಬಂದಾರ, ಕಾಕಿ" ಎಂದೆ.

"ಹೌದಾ? ಪಾಪ. ಮೊದಲ ಉಣ್ಣಾಕ ಕೂಡ್ಲಿ."

ಜೋಳದ ರೊಟ್ಟಿ, ಪುಂಡಿಪಲ್ಯ, ಬ್ಯಾಳಿ ಉಂಡ ಮೇಲೆ ಸೇವಕರೆಲ್ಲ ಬೇವಿನ ಮರದ ಕೆಳಗೆ ಗೊರಕೆ ಹೊಡೆದರು. ಎದ್ದವರು ಊರ ಚಾಪೆಲ್‌ಗೆ ಬಣ್ಣ ಹಚ್ಚುತ್ತೇವೆ ಎಂದರು. "ಸುಣ್ಣ ಆಗ್ಯಾದ. ಹೊಲದಾಗ ತೊಗರಿ ಕೊಯ್ಲಿಗಿ ಆಳಿಲ್ಲ, ಬರ್ತೀರೇನು?" ಎಂದಳು ಕಾಕಿ. ಹೋದರು. ಅರ್ಧ ಗಂಟೆ ಕೊಯ್ದು, ಕುಡುಗೋಲು ಹಿಡಿದು ಫೋಟೊ ತೆಗೆಸಿಕೊಂಡು, ಅಂಗೈ ನೋಡಿಕೊಳ್ಳುತ್ತಾ ಬದುವಿನ ಮೇಲೆ ಕೂತರು. ಕಾಕಿ ಅವರಿಗೆ ತೆಲುಗಿನಲ್ಲಿ ಸಮಾಧಾನ ಹೇಳಿದಳು. ಅವಳಿಗೆ ಕನ್ನಡ, ತೆಲುಗು, ಉರ್ದು, ಮರಾಠಿ ನಾಲ್ಕೂ ಬರುತ್ತವೆ. ಯಾವ ಮಿಷನ್ನೂ ಅವಳನ್ನು ಎಲ್ಲಿಗೂ ಕಳಿಸಲಿಲ್ಲ.

ಹೀಗೆ ಎರಡೂ ದಡದಲ್ಲಿ ನಿಂತು ನೋಡಿದವನಾಗಿ ನನ್ನ ತೀರ್ಪು ಇದು: ಹತ್ತು ದಿನದ ಮಿಷನ್ನಿನಲ್ಲಿ ಸೇವೆ ನಡೆಯುವುದು ನಿಜ, ಬಂದವರಿಂದ ಅಲ್ಲ, ಬಂದವರಿಗೆ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅತಿಥಿಗಳಾಗಿ ಬರುತ್ತೇವೆ ಎಂದು ಕಾಗದ ಬರೆದರೆ ಬಣ್ಣದ ಖರ್ಚಾದರೂ ಉಳಿಯುತ್ತದೆ.

ಬರುವುದಿದ್ದರೆ ನವೆಂಬರಿನಲ್ಲಿ ಬನ್ನಿ. ವಿಕಾರಾಬಾದಿನ ಹತ್ತಿರ ಧಾರೂರಿನಲ್ಲಿ 1923ರಿಂದ ಮೆಥಡಿಸ್ಟರ ಜಾತ್ರೆ ನಡೆಯುತ್ತದೆ. ತೆಲುಗು, ಕನ್ನಡ, ಮರಾಠಿ ಮಂದಿ ಗಂಟುಮೂಟೆ ಕಟ್ಟಿಕೊಂಡು ಬಂದು, ಬಯಲಲ್ಲಿ ಬಿಡಾರ ಹೂಡಿ, ಅಲ್ಲೇ ಅಡಿಗೆ ಮಾಡಿಕೊಂಡು, ರಾತ್ರಿಯೆಲ್ಲ ಹಾಡುತ್ತಾರೆ. ಅಲ್ಲಿ ಯಾರೂ ಯಾರ ಗೋಡೆಗೂ ಬಣ್ಣ ಬಳಿಯುವುದಿಲ್ಲ. ಟೀಶರ್ಟು ಮನೆಯಲ್ಲೇ ಬಿಟ್ಟು ಬನ್ನಿ, ಒಂದು ಚಾಪೆ ತನ್ನಿ. ಮಾಂಸದ ಸಾರು ಖಾರ ಇರುತ್ತದೆ, ಕಡಿಮೆ ಮಾಡಿ ಎಂದು ಮಾತ್ರ ಕೇಳಬೇಡಿ. ಸಿಕಂದರಾಬಾದಿನಿಂದ ವಿಕಾರಾಬಾದಿಗೆ ರೈಲಿದೆ.