ಬ್ರೇಕ್ ಹಾಕಲಿಲ್ಲ, ಮಾತಾಡಿದೆ

ನಮ್ಮ ಮನೆಯಲ್ಲಿ ಭಾನುವಾರ ಸಂಜೆಯಿಂದ ಮಾವ-ಅಳಿಯನ ಮಾತುಕತೆ ಬಂದ್. ಉಪ್ಪಿನಕಾಯಿ ಬೇಕೆಂದರೂ ಅರ್ಜಿ ನನ್ನ ಹನ್ನೊಂದು ವರ್ಷದ ಮಗಳ ಮೂಲಕವೇ ಹೋಗಬೇಕು. ಅವಳು ಸುದ್ದಿಗೊಂದು ಡಾಲರ್ ಶುಲ್ಕ ಇಟ್ಟಿದ್ದಾಳೆ. ತಾತನ ಲೆಕ್ಕದಲ್ಲಿ ನಿನ್ನೆಯವರೆಗೆ ಒಂಬತ್ತು ಡಾಲರ್ ಬಾಕಿ. ಜಗಳಕ್ಕೆ ಕಾರಣ ಒಂದು ಸೈಕಲ್ಲು. ಅದೂ ಬಾಡಿಗೆ ಸೈಕಲ್ಲು.

ಬಾಡಿಗೆ ಸೈಕಲ್ಲಿನ ವಿಷಯದಲ್ಲಿ ನಮ್ಮಪ್ಪನನ್ನು ಕೆಣಕುವುದು, ಅರ್ಚಕರಿಗೆ ಮಂಗಳಾರತಿ ಕಲಿಸಿದ ಹಾಗೆ. ಹಂಪಿ ಬಜಾರಿನಲ್ಲಿ ಅವರದು ಬಾಡಿಗೆ ಸೈಕಲ್ ಅಂಗಡಿ ಇತ್ತು. 2011ರ ಜುಲೈನಲ್ಲಿ ಬಜಾರಿನ ಅಂಗಡಿ-ಮನೆಗಳನ್ನು ತೆರವು ಮಾಡಿದಾಗ ಒಂದೊಂದು ಕೈಗೆ ಒಂದೊಂದರಂತೆ ಎಲ್ಲ ಸೈಕಲ್ಲುಗಳನ್ನೂ ಕಡ್ಡಿರಾಂಪುರಕ್ಕೆ ತಳ್ಳಿಕೊಂಡು ಬಂದರು. ಅರ್ಧ ಯುರೋಪನ್ನು ತಾನೇ ಸೈಕಲ್ ಹತ್ತಿಸಿದ್ದು ಅನ್ನುವುದು ಅವರ ಹೆಮ್ಮೆ. ಗಿರಾಕಿ ಯಾರಾದರೂ ಬ್ರೇಕ್ ಹಿಡಿಯುತ್ತಿಲ್ಲ ಎಂದರೆ, 'ನೋ ಪ್ರಾಬ್ಲಂ, ಹಂಪಿ ಫುಲ್ ಫ್ಲಾಟ್' ಎಂದು ಕೃಷ್ಣ ದೇವಸ್ಥಾನದ ಏರಿನ ಕಡೆಗೇ ಕೈ ತೋರಿಸುತ್ತಿದ್ದರು.

ಊರಿಂದ ನಮ್ಮಲ್ಲಿಗೆ ಬಂದಿರುವ ಇಂಥವರನ್ನು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ಬೀಚಿಗೆ ಕರೆದುಕೊಂಡು ಹೋದೆವು. 1909ರಲ್ಲಿ ಕಟ್ಟಿದ ಸಮುದ್ರದೊಳಕ್ಕೆ ಚಾಚಿದ ಅಲ್ಲಿಯ ಸೇತುವೆ, ಸೂರ್ಯನ ಬಿಸಿಲಿನ ಕರೆಂಟಿನಲ್ಲಿ ತಿರುಗುವ ದೈತ್ಯ ಚಕ್ರ, ಷಿಕಾಗೋದಿಂದ ಬರುವ ರೂಟ್ 66 ಇಲ್ಲಿಗೆ ಮುಗಿಯಿತು ಎನ್ನುವ ಫಲಕ ಎಲ್ಲವನ್ನೂ ಹತ್ತು ನಿಮಿಷದಲ್ಲಿ ಮುಗಿಸಿ, ಅಪ್ಪ ಸೀದಾ ಹೋಗಿ ನಿಂತದ್ದು ಬಾಡಿಗೆ ಸೈಕಲ್ಲಿನವನ ಮುಂದೆ. ಟೈರು ಒತ್ತಿದರು. ಹಿಂದಿನ ಗಾಲಿ ಎತ್ತಿ ತಿರುಗಿಸಿ ಕಿವಿಗೊಟ್ಟರು. 'ಬೇರಿಂಗ್ ಸಡ್ಲ ಐತಿ' ಅಂದರು. ಅಂಗಡಿಯ ಹುಡುಗ ನಗುನಗುತ್ತಾ, ಇವರಿಗೆ ಸೈಕಲ್ ಬರುತ್ತದಾ ಎಂದು ನನ್ನನ್ನು ಕೇಳಿದ. ನಾನು ಅದನ್ನು ಅನುವಾದ ಮಾಡಬಾರದಿತ್ತು.

ಅಷ್ಟರಲ್ಲಿ ನನ್ನ ಗಂಡ ಪರದೆಯ ಮೇಲೆ ನಾಲ್ಕು ಪುಟದ ಕರಾರಿಗೆ ಓದದೆಯೇ ಬೆರಳಾಡಿಸಿ ಸಹಿ ಹಾಕಿಯಾಗಿತ್ತು. 'ಓದಿ ಸಹಿ ಮಾಡ್ರೀ, ಗಿರಾಕಿ ಬಿದ್ರ ಅಂಗಡಿಯವ ಜವಾಬ್ದಾರ ಅಲ್ಲ ಅಂತ ಇರ್ತೈತಿ' ಎಂದರು ಅಪ್ಪ. ಇಡೀ ದಿನದಲ್ಲಿ ಯಾರಾದರೂ ಆಡಿದ ಬುದ್ಧಿವಂತಿಕೆಯ ಮಾತು ಅದೊಂದೇ. ಕ್ಯಾಲಿಫೋರ್ನಿಯಾದಲ್ಲಿ ಹದಿನೆಂಟು ತುಂಬದವರಿಗೆ ಹೆಲ್ಮೆಟ್ ಕಡ್ಡಾಯ. ಮಗಳು ಹಾಕಿಕೊಂಡಳು. ತಾತ ಟವೆಲು ಸುತ್ತಿಕೊಂಡರು.

ಇನ್ನು ಆ ಸೈಕಲ್ಲಿನ ವಿಚಾರ. ಅಗಲ ಹ್ಯಾಂಡಲು, ದಪ್ಪ ಟೈರು, ಕೈಬ್ರೇಕು ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ. ಇದನ್ನು ಹುಡುಗ ಹೇಳಿದ, ನಾನೂ ಹೇಳಿದೆ. ಅಪ್ಪ ಕೈ ಅಲ್ಲಾಡಿಸಿದರು. ನಮಗಾರಿಗೂ ಹೊಳೆಯದಿದ್ದ ಸಂಗತಿ ಬೇರೆ ಇತ್ತು: ನಮ್ಮಪ್ಪ ಸೈಕಲ್ ಮೇಲೆ ಮಾತು ಶುರು ಮಾಡುವಾಗ ಪೆಡಲು ಹಿಂದಕ್ಕೆ ತಿರುಗಿಸುತ್ತಾರೆ. ಐವತ್ತು ವರ್ಷದ ಚಟ. ಫ್ರೀವೀಲು ಕಟಕಟಕಟ ಅಂದರೆ ಮಾತು ಹೊರಡಲಿದೆ ಎಂದು ಅರ್ಥ. ಬೇರೆಯವರು ಗಂಟಲು ಸರಿಮಾಡಿಕೊಳ್ಳುವುದಿಲ್ಲವೇ, ಹಾಗೆ.

'ಅಲ್ಲ ಕಣವ್ವಾ—' ಎಂದರು, ಸೈಕಲ್ಲು ನಿಂತಿತು. ಮತ್ತೆ ಹತ್ತಿದರು. 'ಈ ಉಸುಕು ನೋಡು—' ನಿಂತಿತು. 'ನಮ್ಮ ಕಡೆ—' ನಿಂತಿತು. ಮರಳಿನ ಮೇಲೆ ಮೂವತ್ತೈದು ಕಿಲೋಮೀಟರ್ ಉದ್ದಕ್ಕೆ ಹಾಸಿರುವ ಆ ಸೈಕಲ್ ದಾರಿಯಲ್ಲಿ ನಮ್ಮಪ್ಪ ವಾಕ್ಯಕ್ಕೊಂದು ನಿಲ್ದಾಣ ಮಾಡಿಕೊಂಡು ಸಾಗಿದರು. ಕೊನೆಗೆ, ನಾನು ಹುಟ್ಟಿದಾಗಿನಿಂದ ನೋಡದಿದ್ದದ್ದನ್ನು ನೋಡಿದೆ. ಅಪ್ಪ ಬಾಯಿ ಮುಚ್ಚಿದರು. ಪೂರ್ತಿ ಎರಡು ಕಿಲೋಮೀಟರ್. ನನ್ನ ಪಕ್ಕದಲ್ಲಿ ಮೂರು ಗಾಲಿಯದರ ಮೇಲೆ ಮಹಾರಾಣಿಯಂತೆ ಕುಳಿತಿದ್ದ ಅವ್ವ ಮೆಲ್ಲಗೆ ಕೇಳಿದಳು: 'ಆ ಸೈಕಲ್ಲು ಊರಿಗೆ ಒಯ್ಯಾಕ ಬರ್ತೈತೇನು?'

ಹಾಗೇ ವೆನಿಸ್ ತಲುಪಿದೆವು. ಅಲ್ಲಿ 1905ರಲ್ಲಿ ಅಬ್ಬಾಟ್ ಕಿನ್ನಿ ಎಂಬ ಸಾಹುಕಾರ ಇಟಲಿಯ ಊರಿನ ನಕಲು ಮಾಡಿ ತೋಡಿಸಿದ ಕಾಲುವೆಗಳಿವೆ. ಇಳಿದು, ನಡೆದು ನೋಡಿದೆವು. ಬಾತುಕೋಳಿ, ಪುಟ್ಟ ಸೇತುವೆ, ಕೋಟಿಗಟ್ಟಲೆ ಬೆಲೆಯ ಮನೆ. ಅಪ್ಪ ತುಂಬ ಹೊತ್ತು ನೀರನ್ನೇ ನೋಡಿ, 'ಇದು ಯಾರ ಗದ್ದಿಗೆ ಹೋಗ್ತೈತಿ?' ಎಂದರು. ಯಾರ ಗದ್ದೆಗೂ ಇಲ್ಲ, ಚಂದಕ್ಕೆ ಎಂದೆ. ಆ ಉತ್ತರ ಅವರ ಹೊಟ್ಟೆಯಲ್ಲಿ ಕುದಿಯತೊಡಗಿತು. ವಿಜಯನಗರದ ಅರಸರ ಕಾಲದ ತುರ್ತಾ ಕಾಲುವೆ ಇವತ್ತಿಗೂ ಬಾಳೆ, ಕಬ್ಬಿಗೆ ನೀರುಣಿಸುವುದನ್ನು ನೋಡುತ್ತ ಬೆಳೆದ ಮನುಷ್ಯ. ಹೇಳುವುದು ಬೆಟ್ಟದಷ್ಟಿದೆ, ಹೇಳಿದರೆ ಸೈಕಲ್ಲು ನಿಲ್ಲುತ್ತದೆ.

ವಾಪಸಾಗುವಾಗ ತಡೆಯಲಾಗಲಿಲ್ಲ. 'ನಮ್ಮ ತುರ್ತಾ ಕಾಲ್ವಿ—' ಎಂದದ್ದಷ್ಟೇ. ಅಪ್ಪನಿಗೆ ನನ್ನ ಗಂಡ ಗುದ್ದಿದ, ಗಂಡನಿಗೆ ಮಗಳು, ಮಗಳಿಗೆ ರೋಲರ್ ಸ್ಕೇಟಿನ ಮೇಲೆ ನಾಯಿಯಿಂದ ಎಳೆಸಿಕೊಂಡು ಬರುತ್ತಿದ್ದವನೊಬ್ಬ. ಯಾರಿಗೂ ಪೆಟ್ಟಾಗಲಿಲ್ಲ. ಮರಳು ಕೊಡವಿಕೊಳ್ಳುತ್ತ ನನ್ನ ಗಂಡ, 'ಹಿಂಗ್ ಸಡನ್ನಾಗಿ ಯಾಕೆ ಬ್ರೇಕ್ ಹಾಕಿದ್ರಿ ಮಾವ?' ಅಂದ.

'ನಾ ಎಲ್ಲಿ ಬ್ರೇಕ್ ಹಾಕೀನ್ರೀ? ಮಾತಾಡೀನಿ!'

ಮಾತು ಅಲ್ಲಿಗೇ ಮುಗಿಯಬಹುದಿತ್ತು. ಆದರೆ ನನ್ನ ಗಂಡ ನಕ್ಕ. ಮೈಸೂರಿನವರು ಮೆತ್ತಗೆ ನಗುತ್ತಾರೆ ಎಂದು ನಂಬಿ ಮದುವೆಯಾದವಳು ನಾನು. ಇವನು ಮರಳಿನಲ್ಲಿ ಹೊರಳಾಡಿ ನಕ್ಕ. ರಾತ್ರಿ ಕನ್ನಡ ಸಂಘದ ಗೆಳೆಯರಿಗೆಲ್ಲ ಫೋನು ಮಾಡಿ ನಗಿಸಿದ. ಅದೇ ಆಗಿದ್ದು.

ಅದಕ್ಕೂ ಮುಂಚೆ, ಸಂಜೆ ಸಮುದ್ರದ ಎದುರಿನ ಹೋಟೆಲಿನಲ್ಲಿ ಹೊರಗಡೆ ಕೂತೆವು. ಅವ್ವ ಮೇಜಿನ ಕೆಳಗಿನಿಂದ ಖಡಕ್ ರೊಟ್ಟಿ ಮುರಿದು ಹಂಚಿದಳು, ಆಲೂ ಫ್ರೈ ಮೇಲೆ ಶೇಂಗಾ ಚಟ್ನಿಪುಡಿ ಉದುರಿಸಿದಳು. ಸಪ್ಲೈಯರ್ ಹುಡುಗಿ ನೋಡಿಯೂ ನೋಡದ ಹಾಗೆ ಹೋದಳು. ಆ ಪುಣ್ಯಾತ್ಗಿತ್ತಿಗೆ ನಾನು ಟಿಪ್ಸ್ ಇಪ್ಪತ್ತೈದು ಪರ್ಸೆಂಟ್ ಒತ್ತಿದೆ. ಸೂರ್ಯ ಮುಳುಗುತ್ತಿದ್ದ. ಅಪ್ಪ ಮುರಿದ ರೊಟ್ಟಿ ಕೈಯಲ್ಲೇ ಹಿಡಿದು ನೋಡುತ್ತಿದ್ದರು. ಬಂದ ಪ್ರವಾಸಿಗರಿಗೆಲ್ಲ, ಸಂಜೆ ಹೇಮಕೂಟ ಹತ್ತಿ, ಸೂರ್ಯ ಮುಳುಗೋದು ನೋಡಿ ಎಂದು ಹೇಳಿ ಕಳಿಸಿದವರು ಅವರು. 'ನೀನು ಎಷ್ಟು ಸಲ ನೋಡಿದ್ದೀಯಪ್ಪಾ?' ಎಂದೆ.

'ನಾ ಎಲ್ಲಿ ನೋಡ್ಲಿ? ಸೈಕಲ್ಲು ವಾಪಸ್ ಬರೋ ಹೊತ್ತು ಅದು.'

ಹಾಗೆಂದವರೇ ಥಟ್ಟನೆ ಎದ್ದರು. ಸೂರ್ಯ ಇನ್ನೂ ಅರ್ಧ ಉಳಿದಿದ್ದ, ಪಿಜ್ಜಾ ಮುಕ್ಕಾಲು ಉಳಿದಿತ್ತು. 'ಆ ಹುಡುಗ ಕಾಯ್ತಿರ್ತಾನ' ಎಂದು ಸೈಕಲ್ ತಳ್ಳಿಕೊಂಡು ನಡೆದೇಬಿಟ್ಟರು. ನಾವು ಹಿಂದೆ ಓಡಿದೆವು. ಹುಡುಗ ಕಾಯುತ್ತಿದ್ದ. ಅಪ್ಪ ಅವನ ಕೈಯಿಂದಲೇ ಪಾನಾ ಇಸಿದುಕೊಂಡು, ಕೂತು, ಹಿಂದಿನ ಗಾಲಿಯ ಬೇರಿಂಗ್ ಬಿಗಿ ಮಾಡಿ ಕೊಟ್ಟರು. ಬಾಡಿಗೆಯಲ್ಲಿ ಒಂದು ಪೈಸೆ ಕಮ್ಮಿ ಮಾಡಿಸಲಿಲ್ಲ.

ಇವತ್ತು ಬೆಳಿಗ್ಗೆ ಮಗಳ ಮೂಲಕ ಅಳಿಯನಿಗೆ ಹತ್ತನೆಯ ಸುದ್ದಿ ಹೋಗಿದೆ: 15 ನಂಬರಿನ ಪಾನಾ ಈ ಊರಲ್ಲಿ ಎಲ್ಲಿ ಸಿಗುತ್ತದೆ, ಮುಂದಿನ ಭಾನುವಾರಕ್ಕೆ ಬೇಕು. ಮಗಳು ಇದಕ್ಕೆ ಎರಡು ಡಾಲರ್ ಹಾಕಿದ್ದಾಳೆ.