ರಸ ಸೋರುವ ತೆಂಗಿನ ಶಸ್ತ್ರಚಿಕಿತ್ಸೆ: ಸೋಲೇ ಕಾಣದಂತೆ ವರದಿ ಬರೆಯುವ ಕ್ರಮ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಆಪರೇಷನ್ ಆಗುವುದು ಮನುಷ್ಯರಿಗೆ ಮಾತ್ರ ಎಂದುಕೊಂಡವರು ತೋಟ ಕಂಡವರಲ್ಲ. ತೆಂಗಿನ ಕಾಂಡ ಬಿರಿದು ಕಂದು ರಸ ಸೋರತೊಡಗಿದರೆ, ಕೊಳೆತ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು ಬೋರ್ಡೋ ಮುಲಾಮು ಬಳಿಯುತ್ತಾರೆ. ಛೇದನ, ಶೋಧನ, ಲೇಪನ: ಸುಶ್ರುತನೂ ತಲೆದೂಗಬೇಕು. ರೋಗಿ ನರಳುವುದಿಲ್ಲ, ಬಿಲ್ಲಿಗೆ ಚೌಕಾಸಿ ಮಾಡುವುದಿಲ್ಲ. ಆದಕಾರಣ ಶಸ್ತ್ರವೈದ್ಯರು ಸಂಶೋಧನಾ ವರದಿ ಬರೆಯುವುದನ್ನು ಈ ಮರದ ಬುಡದಲ್ಲೇ ಕಲಿಯತಕ್ಕದ್ದು ಎಂಬುದು ಪ್ರಸ್ತುತ ಪ್ರಬಂಧದ ಪ್ರಮೇಯ.

ಯಾವ ಮರಕ್ಕೆ ಉಳಿ, ಯಾವುದಕ್ಕೆ ಬರೀ ಮುಲಾಮು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ ಎನ್ನುವ ಹಟಮಾರಿಗಳಿದ್ದಾರೆ. ಕಿವಿಗೊಡಬೇಡಿ. ಹೇಮಾವತಿ ನಾಲೆಯ ಮಗ್ಗುಲಿನ ಹಸಿರು ಮರಗಳಿಗೆ ಉಳಿ ಹಾಕಿ, ದಿಬ್ಬದ ಮೇಲೆ ಒಣಗುತ್ತಿರುವವನ್ನು ಹೋಲಿಕೆಗೆ ಇಟ್ಟುಕೊಳ್ಳಿ; ಉಳಿಯ ಮಹಿಮೆ ತಾನಾಗಿ ಬೆಳಗುತ್ತದೆ.

ಕೆತ್ತಿದ ಹತ್ತರಲ್ಲಿ ಮೂರು ಮರ ಸತ್ತವೆನ್ನಿ. ಮಾಲೀಕ ಕಡಿದು ಸೌದೆ ಒಟ್ಟಿದ್ದಾನೆ. ಅವು ‘ಮರುತಪಾಸಣೆಗೆ ಹಾಜರಾಗಲಿಲ್ಲ’. ಉಳಿದ ಏಳೂ ನಿಂತಿವೆ, ಯಶಸ್ಸು ಶೇ. 100. ಎರಡು ದಶಾಂಶ ಸೇರಿಸಿ 100.00 ಎಂದರೆ ಇನ್ನೂ ಗಾಂಭೀರ್ಯ. ವೈದ್ಯಕೀಯ ಪ್ರಯೋಗಗಳ ವರದಿ ಹೇಗಿರಬೇಕೆಂದು ಹೇಳುವ 1996ರ ಕನ್ಸಾರ್ಟ್ ನಿಯಮಾವಳಿಯೇನೋ ಎಷ್ಟು ರೋಗಿಗಳು ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟುಹೋದರು ಎಂದು ಬಾಣ ಎಳೆದು ತೋರಿಸಿ ಎನ್ನುತ್ತದೆ. ಸೌದೆ ರಾಶಿಗೆ ಬಾಣ ಎಳೆಯುವುದು ಶಾಸ್ತ್ರಕ್ಕೆ ಶೋಭೆಯಲ್ಲ.

ಕಾಯಿ ಅಟ್ಟದಲ್ಲಿ ವರ್ಷದ ಹತ್ತಿರ ಕೂತು, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಅಲುಗಾಡಿ ಸದ್ದು ಮಾಡಿದ ಮೇಲಷ್ಟೇ ರೈತ ಸುಲಿಯಲು ಕೂರುತ್ತಾನೆ. ಫಲಿತಾಂಶ ಮಾಗುವವರೆಗೆ ಕಾಯಲು ಸಂಶೋಧಕನಿಗೆ ಅಷ್ಟು ಪುರುಸೊತ್ತೆಲ್ಲಿ? ಸಮ್ಮೇಳನ ಮುಂದಿನ ತಿಂಗಳೇ ಇದೆ.

ಗಾಯ ಮಾಯಲು ಸರಾಸರಿ 6 ವಾರ, ಆಚೀಚೆ 9 ಎಂದು ಧೈರ್ಯವಾಗಿ ಬರೆಯಿರಿ. ಕೆಲವು ಮರಗಳ ಗಾಯ ಉಳಿ ತಾಗುವುದಕ್ಕೆ ಮೂರು ವಾರ ಮುಂಚೆಯೇ ಮಾಯ್ದಿತ್ತು ಎಂದಾಯಿತಲ್ಲ! ಒಂದು ಹಟದ ಮರ ತಿಂಗಳುಗಟ್ಟಲೆ ಎಳೆದು ಸರಾಸರಿ ಕೆಡಿಸಿದೆ, ಮಧ್ಯಾಂಕ ಕೊಡಿ ಎಂದು ವಿಮರ್ಶಕ ಗೊಣಗಿಯಾನು. ವಿಮರ್ಶಕರಿಗೆ ಪವಾಡದಲ್ಲಿ ನಂಬಿಕೆ ಕಡಿಮೆ.

ಇಷ್ಟಾದರೂ, ಫಲ ಬರೀ ಆಕಸ್ಮಿಕವಲ್ಲ ಎನ್ನಲು ನೋಡುವ ‘ಪಿ’ ಬೆಲೆ 0.05ರ ಕೆಳಗೆ ಇಳಿಯದಿದ್ದರೆ ಗುಂಪು ಒಡೆಯಿರಿ. ಹೃದಯಾಘಾತದ 17,187 ರೋಗಿಗಳ ಮೇಲೆ ನಡೆದ ಐಸಿಸ್-2 ಅಧ್ಯಯನ (1988) ಆಸ್ಪಿರಿನ್ ಜೀವ ಉಳಿಸುತ್ತದೆಂದು ತೋರಿಸಿತು. ರಾಶಿವಾರು ಒಡೆದಾಗ ಮಿಥುನ, ತುಲಾ ರಾಶಿಯವರಿಗೆ ಮಾತ್ರ ಉಪಯೋಗವಿಲ್ಲವೆಂದು ಕಂಡಿತು. ಹೀಗೆಲ್ಲ ಒಡೆಯಬೇಡಿ ಎಂದು ಎಚ್ಚರಿಸಲು ಅಧ್ಯಯನ ನಡೆಸಿದವರು ಅದನ್ನು ಅಚ್ಚುಹಾಕಿದರಂತೆ. ನಾವು ವಿಧಾನವೆಂದೇ ಸ್ವೀಕರಿಸೋಣ. ಅವರಿಗೆ ಹನ್ನೆರಡೇ ರಾಶಿ. ಸಸಿ ನೆಟ್ಟ ದಿನ ನೋಡಿದರೆ ನಮಗೆ ಇಪ್ಪತ್ತೇಳು ನಕ್ಷತ್ರ. ಇಪ್ಪತ್ತಕ್ಕೊಂದು ಆಕಸ್ಮಿಕವಾಗಿ ಗೆಲ್ಲುವ ಲೆಕ್ಕದಲ್ಲಿ ಯಾವುದಾದರೊಂದು ನಕ್ಷತ್ರ ಕೈಹಿಡಿದೇ ಹಿಡಿದೀತು.

ಏನನ್ನು ಅಳೆಯುತ್ತೀರೆಂದು ಮೊದಲೇ ಬರೆದಿಡಿ ಎಂದು 2007ರಿಂದ ನಮ್ಮ ದೇಶದಲ್ಲೇ ವೈದ್ಯಕೀಯ ಪ್ರಯೋಗಗಳ ನೋಂದಣಿಪುಸ್ತಕ ಇದೆ. ಮರಗಳಿಗೆ ಅದು ಅನ್ವಯಿಸದಿರುವುದು ನಮ್ಮ ಪುಣ್ಯ. ರಸ ನಿಲ್ಲದಿದ್ದರೆ ಗರಿ ಎಣಿಸಿ. ಗರಿ ಉದುರಿದರೆ ಹೊಂಬಾಳೆ. ಮರವೇ ಬಿದ್ದರೆ ಮಾಲೀಕನ ತೃಪ್ತಿ. ಅದನ್ನೂ ಅವನನ್ನು ಕೇಳಬೇಡಿ, ಉಳಿ ಹಿಡಿದವನನ್ನೇ ಕೇಳಿ ಬರೆದುಕೊಳ್ಳಿ.