ನರಗುಂದದಲ್ಲಿ ವೈರಸ್ ಬೆಳೆಯುವವರಿಗೆ ಕೈಪಿಡಿ

ಎರೆಹೊಲದಲ್ಲಿ ಹತ್ತಿ, ಹೆಸರು, ಗೋವಿನಜೋಳ ಬೆಳೆದು ದರಕ್ಕಾಗಿ ಕಾದು ಬೇಸತ್ತವರಿಗೆ ಇಗೋ ಹೊಸ ಬೆಳೆ: ಜೀನ್ ಹೊತ್ತೊಯ್ಯುವ ವೈರಸ್. "ನಮಗೂ ಇದಕ್ಕೂ ಏನ್ ಸಂಬಂಧರೀ?" ಎನ್ನಬೇಡಿ. 2021ರಲ್ಲಿ ಕೋವಿಶೀಲ್ಡ್ ಲಸಿಕೆ ಚುಚ್ಚಿಸಿಕೊಂಡವರೆಲ್ಲ ಈ ಮಾಲಿನ ಗಿರಾಕಿಗಳೇ. ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ.

1. ಅರ್ಜಿ ಬರೆಯಿರಿ. ಬೀಜಕ್ಕಿಂತ ಮೊದಲು ಕಾಗದ. ಕುಲಾಂತರಿ ಸೂಕ್ಷ್ಮಜೀವಿಗಳಿಗೆ 1989ರ ಕೇಂದ್ರ ನಿಯಮಗಳಿವೆ. ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಲೇಬೇಕು. ಊರ ಕಟ್ಟೆಯ ಸಮಿತಿ ನಡೆಯದು, ಅಲ್ಲಿ ಕೂತವರೆಲ್ಲ ಸರ್ವಜ್ಞರೇ ಆಗಿದ್ದರೂ.

2. ಹೊಲ ಹುಡುಕಿ. ವೈರಸ್ ಜೀವಂತ ಕೋಶದೊಳಗೆ ಮಾತ್ರ ಬೆಳೆಯುತ್ತದೆ. ಹೆಚ್‌ಇಕೆ 293 ಎಂಬ ಕೋಶತಳಿ ತರಿಸಿ. 1973ರಲ್ಲಿ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ ಫ್ರ್ಯಾಂಕ್ ಗ್ರಹಾಂ, ಮಾನವ ಭ್ರೂಣದ ಮೂತ್ರಪಿಂಡದ ಕೋಶಗಳಿಗೆ ಅಡೆನೊವೈರಸ್‌ನ ಡಿಎನ್‌ಎ ಸೇರಿಸಿ ಪಡೆದ ತಳಿಯಿದು. ಕೂಡಿಡಲು ಮೈನಸ್ 196 ಡಿಗ್ರಿಯ ದ್ರವ ಸಾರಜನಕ ಬೇಕು. ಪಶು ಆಸ್ಪತ್ರೆಯಲ್ಲಿ ಹೋರಿಯ ವೀರ್ಯದ ಕಡ್ಡಿಗಳು ಮುಳುಗಿರುವುದೂ ಅದರಲ್ಲೇ. ಹಾಗಂತ ಎರಡನ್ನೂ ಒಂದೇ ಕ್ಯಾನಿನಲ್ಲಿ ಇಡಬೇಡಿ.

3. ಉಪಚಾರ ಮಾಡಿ. ಈ ಕೋಶಗಳದ್ದು ಹೊಸ ಅಳಿಯನ ಗತ್ತು: 37 ಡಿಗ್ರಿ ಶಾಖ, ಶೇ 5 ಇಂಗಾಲದ ಡೈಆಕ್ಸೈಡ್, ಗ್ಲೂಕೋಸ್, ಅಮೈನೊ ಆಮ್ಲದ ಊಟ, ಒಂದು ಹೊತ್ತು ತಪ್ಪಿದರೆ ಮುನಿಸು. ಏಪ್ರಿಲ್‌ನಲ್ಲಿ ನಮ್ಮ ಅಂಗಳವೇ 37 ದಾಟುವುದರಿಂದ ಕಾಯಿಸುವುದಕ್ಕಿಂತ ತಣಿಸುವುದಕ್ಕೇ ಖರ್ಚು ಹೆಚ್ಚು. ಧೂಳಿಗೆ ಬಾಗಿಲು ಹಾಕಿ. ಕೋಶ ಇಮ್ಮಡಿಸಲು ಸುಮಾರು ಒಂದು ದಿನ ಬೇಕು, ಬ್ಯಾಕ್ಟೀರಿಯಾಕ್ಕೆ ಅರ್ಧ ಗಂಟೆ ಸಾಕು. ಒಂದು ಒಳಗೆ ಬಿದ್ದರೂ ಫಸಲು ಅದರ ಪಾಲು.

4. ವೈರಸ್‌ನ ಕೈ ಕಟ್ಟಿ. ಚಿಂಪಾಂಜಿಯ ಅಡೆನೊವೈರಸ್ ಆರಿಸಿ. ಮನುಷ್ಯರದ್ದಾದರೆ ಅನೇಕರ ರಕ್ತದಲ್ಲಿ ಪ್ರತಿಕಾಯ ಮೊದಲೇ ಕಾದಿರುತ್ತದೆ. ಆರಿಸಿದ ವೈರಸ್‌ನ ಇ1 ಜೀನ್‌ಗಳನ್ನು ಕತ್ತರಿಸಿ, ಆ ಜಾಗದಲ್ಲಿ ಕೊರೊನಾದ ಸ್ಪೈಕ್ ಜೀನ್ ಕೂರಿಸಿ. ಇ1 ಇಲ್ಲದ ವೈರಸ್ ಸಂತಾನ ಬೆಳೆಸಲಾರದು. ಆದರೆ ಗ್ರಹಾಂ ಅಂದು ಸೇರಿಸಿದ ತುಂಡಿನಲ್ಲಿ ಇ1 ಇತ್ತು. ಹಾಗಾಗಿ 293 ಕೋಶದಲ್ಲಿ ವೈರಸ್ ಮರಿ ಹಾಕುತ್ತದೆ. ನಿಮ್ಮ ತೋಳಿನಲ್ಲಿ ಜೀನ್ ಇಳಿಸಿ ಸುಮ್ಮನಾಗುತ್ತದೆ. ಈ ಕಸುಬಿನ ಜಾಣತನವೆಲ್ಲ ಇಷ್ಟೇ. ಉಳಿದದ್ದು ತೊಳೆಯುವ, ಸೋಸುವ, ಎಣಿಸುವ ದುಡಿಮೆ.

5. ಕೊಯ್ಲು ಮಾಡಿ. ಕೆಲವೇ ದಿನಗಳಲ್ಲಿ ಕೋಶ ವೈರಸ್‌ನಿಂದ ತುಂಬುತ್ತದೆ. ಒಡೆಯಿರಿ, ಕೋಶದ ಡಿಎನ್‌ಎ ಚೂರು ಮಾಡಿ ತೆಗೆಯಿರಿ, ಸೋಸಿರಿ, ಕ್ರೊಮ್ಯಾಟೊಗ್ರಫಿ ಕೊಳವೆಯಲ್ಲಿ ಹಾಯಿಸಿರಿ. ಕ್ವಿಂಟಲ್ ಲೆಕ್ಕ ಇಲ್ಲಿಲ್ಲ: ಅರ್ಧ ಎಂ.ಎಲ್. ಡೋಸಿನಲ್ಲಿ 5000 ಕೋಟಿ ಕಣಗಳು. ಸ್ಯಾಂಪಲ್ಲಿಗೆಂದು ಬೊಗಸೆ ತುಂಬಿಕೊಳ್ಳುವ ದಲಾಲರನ್ನು ಹತ್ತಿರ ಬಿಡಬೇಡಿ.

6. ತಕರಾರುಗಳು. ದೇಹ ಜೀನ್ ತಂದ ವೈರಸ್‌ನ ಗುರುತನ್ನೂ ಇಟ್ಟುಕೊಳ್ಳುತ್ತದೆ. ಅದೇ ವೈರಸ್ ಮತ್ತೆ ಬಂದರೆ ಬಾಗಿಲಲ್ಲೇ ತಡೆಯಬಹುದು. ತೀರಾ ಅಪರೂಪಕ್ಕೆ ಈ ಲಸಿಕೆಯಿಂದ ರಕ್ತ ಹೆಪ್ಪುಗಟ್ಟಿದ್ದೂ ಉಂಟು. ಹೀಗಾಗಿಯೇ ತಯಾರಿಗಿಂತ ತಪಾಸಣೆ ದೊಡ್ಡದು.

ಇಷ್ಟು ಓದಿಯೂ ಹುಮ್ಮಸ್ಸು ಉಳಿದಿದ್ದರೆ ಮಕ್ಕಳಿಗೆ ಜೀವಶಾಸ್ತ್ರ ಓದಿಸಿ. ಬೆಂಗಳೂರಿನ ಇಮ್ಯುನೀಲ್ ಕಂಪನಿ 2025ರಲ್ಲಿ ತಂದ ರಕ್ತ ಕ್ಯಾನ್ಸರ್ ಚಿಕಿತ್ಸೆಯಲ್ಲೂ ರೋಗಿಯ ಕೋಶಗಳಿಗೆ ಜೀನ್ ಮುಟ್ಟಿಸುವುದು ವೈರಸ್ಸೇ, ಕೆಲಸಗಾರರು ಬೇಕಾಗುತ್ತಾರೆ. ನೀವು ಮಾತ್ರ ಮನೆಯಲ್ಲಿ ಶುರು ಮಾಡಬೇಡಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಈ ಬೆಳೆಯ ಮಟ್ಟಿಗೆ ನೂರಕ್ಕೆ ನೂರು ನಿಜ.